ಎಮಿಲ್ ನೋಲ್ಡೆಯ ಹೂಚಿತ್ರಗಳು

ಜರ್ಮನಿಯ ಅಭಿವ್ಯಕ್ತಿಪಂಥದ ಚಿತ್ರಕಾರರಲ್ಲಿ ಎಮಿಲ್ ನೋಲ್ಡೆಯಷ್ಟು (1867–1956) ಹೂವಿಗೆ ಮನಸೋತವರು ವಿರಳ. ಸೇಬ್ಯೂಲಿನ ತನ್ನ ಮನೆಯ ತೋಟದಲ್ಲಿ ಈತನು ಕಾಲುಹಾದಿಗಳನ್ನು ಕೂಡ ತನ್ನ ಮತ್ತು ಪತ್ನಿ ಆಡಾಳ ಹೆಸರುಗಳ ಮೊದಲಕ್ಷರಗಳ ಆಕಾರದಲ್ಲಿ ಮಾಡಿಸಿದ್ದನು. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರು ಬೇರೆಬೇರೆ ಋತುಗಳ ಹೂಗಳನ್ನು ಒಂದೇ ಹೂದಾನಿಯಲ್ಲಿ ಕೂಡಿಸಿ, ಎಸಳಿನ ಮೇಲಣ ಹುಳುವನ್ನೂ ಬಿಡದೆ ಬರೆದರು. ನೋಲ್ಡೆಯ ಜಲವರ್ಣಗಳಲ್ಲಿ ಬಹುಮಟ್ಟಿಗೆ ಹೂದಾನಿಯೂ ಇಲ್ಲ, ಮೇಜೂ ಇಲ್ಲ. ನೆನೆಸಿದ ಜಪಾನೀ ಕಾಗದದ ಮೇಲೆ ಬಣ್ಣವು ತಾನಾಗಿ ಹರಡಿ, ಇಂಗಿ, ಒಂದರೊಳಗೊಂದು ಕರಗುತ್ತದೆ. ಎಸಳಿನ ಅಂಚನ್ನು ಕುಂಚದಷ್ಟೇ ಕಾಗದವೂ ನಿರ್ಣಯಿಸುತ್ತದೆ. ಭಾರತೀಯ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಕಾವ್ಯದಲ್ಲಿ ಸಾಮಾನ್ಯವಾಗಿ ಉದ್ದೀಪನವಿಭಾವವಾಗಿ ಬರುವ ಹೂವು ಇಲ್ಲಿ ತಾನೇ ಆಲಂಬನವಾಗಿದೆ.

ಆದರೆ ಆ ಭಾವವು ಯಾವುದು? ವಿಮರ್ಶೆಯ ತೊಡಕು ಇಲ್ಲಿಂದಲೇ ಮೊದಲಾಗುತ್ತದೆ. 1937ರಲ್ಲಿ ನಾಜೀ ಸರಕಾರವು ಸಂಗ್ರಹಾಲಯಗಳಿಂದ ಈತನ ಸಾವಿರಕ್ಕೂ ಮಿಕ್ಕ ಕೃತಿಗಳನ್ನು ವಶಪಡಿಸಿಕೊಂಡು, ಕೆಲವನ್ನು ಮ್ಯೂನಿಕ್ಕಿನ ‘ಅಧಃಪತಿತ ಕಲೆ’ಯ ಪ್ರದರ್ಶನದಲ್ಲಿ ಅಪಹಾಸ್ಯಕ್ಕೆ ಗುರಿಮಾಡಿತು, 1941ರಲ್ಲಿ ವೃತ್ತಿನಿಷೇಧವನ್ನೂ ವಿಧಿಸಿತು. ಎಣ್ಣೆಬಣ್ಣದ ವಾಸನೆಯಿಂದ ಗುಟ್ಟು ಹೊರಬಿದ್ದೀತೆಂಬ ಭಯದಿಂದ ಈತನು ಕದ್ದು ಜಲವರ್ಣದಲ್ಲಿ ಮಾತ್ರ ಬರೆಯುತ್ತಿದ್ದನೆಂಬ ಕಥೆ ಯುದ್ಧಾನಂತರ ಹಬ್ಬಿತು. 1968ರಲ್ಲಿ ಪ್ರಕಟವಾದ ಸೀಗ್‌ಫ್ರೀಡ್ ಲೆಂಟ್ಸನ ಕಾದಂಬರಿಯು ಇಂಥ ಚಿತ್ರಕಾರನೊಬ್ಬನನ್ನು ಸೃಷ್ಟಿಸಿ ಆ ಕಥೆಗೆ ಪುಷ್ಟಿಯನ್ನಿತ್ತಿತು. ನೋಡುವವರು ಹೂವಿನ ಕೆಂಪಿನಲ್ಲಿ ಪೀಡಿತನೊಬ್ಬನ ಎದೆಯನ್ನು ಕಾಣತೊಡಗಿದರು.

ದಾಖಲೆಗಳು ಬೇರೆ ಮಾತನ್ನು ಹೇಳುತ್ತವೆ. ನೋಲ್ಡೆ 1934ರಿಂದ ಉತ್ತರ ಶ್ಲೆಸ್ವಿಗ್ಗಿನ ನಾಜೀ ಸಂಘಟನೆಯ ಸದಸ್ಯನಾಗಿದ್ದನೆಂಬುದನ್ನೂ ಆತನ ಯೆಹೂದೀದ್ವೇಷವನ್ನೂ ಬೆರ್ನ್‌ಹಾರ್ಡ್ ಫುಲ್ಡಾ, ಆಯಾ ಸೋಯ್ಕಾ ಇವರ ಸಂಶೋಧನೆಯನ್ನಾಧರಿಸಿದ 2019ರ ಬರ್ಲಿನ್ ಪ್ರದರ್ಶನವು ವಿಶದವಾಗಿ ತೋರಿಸಿತು. ನಿಷೇಧವು ಪ್ರದರ್ಶನ, ಮಾರಾಟಗಳಿಗೆ ತಗುಲಿತ್ತೇ ಹೊರತು ಮನೆಯೊಳಗೆ ಬರೆಯುವುದಕ್ಕಲ್ಲ. ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ: ಮೂರು ಸಲ ‘ಕೆಂಪು’ ಎಂದು ಹೆಸರಿನಲ್ಲೇ ಕೂಗಿ ಹೇಳುವ ಗಸಗಸೆ ಹೂಗಳ ಪ್ರಸಿದ್ಧ ಚಿತ್ರವು 1942ರದು, ಅದೂ ಎಣ್ಣೆಬಣ್ಣದ್ದು!

ಆ ಗಸಗಸೆಯ ಕೆಂಪು ಇಂದಿಗೂ ಮಂಕಾಗಿಲ್ಲ. ಸೊರಗಿದುದು ಅದರ ಮೇಲೆ ಕಟ್ಟಿದ ವ್ಯಾಖ್ಯಾನ. ಬಣ್ಣವೆಂದರೆ ಕಲಾವಿದನ ಅಂತರಂಗದ ನೇರ ಪ್ರಕಾಶನವೆಂಬುದು ಅಭಿವ್ಯಕ್ತಿಪಂಥದ ಮೂಲಪ್ರತಿಜ್ಞೆ. ಅದು ನಿಜವಾಗಿದ್ದರೆ ಈ ಹೂಗಳಲ್ಲಿ ದ್ವೇಷದ ಛಾಯೆ ಕಾಣಬೇಕಾಗಿತ್ತು, ಕಾಣುವುದಿಲ್ಲ. ಹಿಂದೆ ಕಂಡೆವೆಂದವರ ಕರುಣವೂ ಅಲ್ಲಿರಲಿಲ್ಲ. ಜೀವನಚರಿತ್ರೆಯಿಂದ ಎರವಲು ತಂದದ್ದು. ಈಗ ಅದೇ ಜೀವನಚರಿತ್ರೆಯಿಂದ ಬೀಭತ್ಸವನ್ನು ತಂದು ಎಸಳುಗಳಿಗೆ ಬಳಿಯುವುದು ಹಳೆಯ ತಪ್ಪನ್ನೇ ಮಗ್ಗುಲು ಬದಲಿಸಿ ಮಾಡಿದಂತೆ. ಇದರಿಂದ ಮನುಷ್ಯನ ಅಪರಾಧವೇನೂ ಹಗುರಾಗುವುದಿಲ್ಲ.

2019ರಲ್ಲಿ ಜರ್ಮನಿಯ ಅಂದಿನ ಪ್ರಧಾನಿ ಆಂಗೆಲಾ ಮೆರ್ಕೆಲ್ ಅವರು ತಮ್ಮ ಕಚೇರಿಯಲ್ಲಿದ್ದ ನೋಲ್ಡೆಯ ಎರಡು ಚಿತ್ರಗಳನ್ನು ಹಿಂದಿರುಗಿಸಿದರು. ಒಂದು 1936ರ ಕಡಲಲೆ. ಇನ್ನೊಂದು ಹೂದೋಟ; 1915ರದು, ನಾಜೀ ಪಕ್ಷವಿನ್ನೂ ಹುಟ್ಟದಿದ್ದ ಕಾಲದ್ದು.