ಗೋಡೆಯ ಮೇಲೆ ಬಿಡಿಸಿದ ಜನ

ನಿಕ್ ಹಾರ್ನ್‌ಬಿಯ ‘ಫೀವರ್ ಪಿಚ್’ ಪ್ರಕಟವಾದದ್ದು 1992ರಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾದದ್ದೂ ಅದೇ ವರ್ಷ. ಪುಸ್ತಕವನ್ನು ಈಚೆಗೆ ಮತ್ತೆ ಓದುವಾಗ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನಿಸಿತು. ಹಾರ್ನ್‌ಬಿಯದು ಫುಟ್‌ಬಾಲ್ ಅಭಿಮಾನಿಯೊಬ್ಬನ ಆತ್ಮಕಥನ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಮಗನ ಜೊತೆ ಕಳೆಯಲು ಸಿಗುವ ಸಮಯವನ್ನು ಹೇಗೆ ತುಂಬುವುದೆಂದು ತೋಚದ ಅಪ್ಪ, 1968ರಲ್ಲಿ ಹನ್ನೊಂದು ವರ್ಷದ ಹುಡುಗನನ್ನು ಆರ್ಸೆನಲ್ ಕ್ಲಬ್ಬಿನ ಹೈಬರಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಂದ ಮುಂದೆ ಆ ಹುಡುಗನ ಬದುಕಿನ ಲೆಕ್ಕವೆಲ್ಲ ಪಂದ್ಯಗಳ ತಾರೀಖಿನ ಕೆಳಗೇ ಬರೆಯಲ್ಪಡುತ್ತದೆ. ತಂಡ ಸೋತರೂ ಹೋಗುತ್ತಾನೆ, ಆಟ ಬೇಸರ ಹುಟ್ಟಿಸಿದರೂ ಹೋಗುತ್ತಾನೆ. ಅದು ಅವನಿಗೆ ಮನರಂಜನೆಯಲ್ಲ, ಒಂದು ರೀತಿಯ ನಂಟಸ್ತಿಕೆ. ನೆಂಟರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಬಿಟ್ಟು ಹೋಗುವುದೂ ಸುಲಭವಲ್ಲ.

ಪ್ರೀಮಿಯರ್ ಲೀಗ್‌ನದು ಬೇರೆಯದೇ ಲೆಕ್ಕ. ಮೇಲಿನ ದರ್ಜೆಯ 22 ಕ್ಲಬ್ಬುಗಳು, ಟೆಲಿವಿಷನ್ನಿನಿಂದ ಬರುವ ಹಣವನ್ನು ಕೆಳಗಿನ ದರ್ಜೆಯವರ ಜೊತೆ ಹಂಚಿಕೊಳ್ಳದೆ ತಾವೇ ಇಟ್ಟುಕೊಳ್ಳಲು ಹಳೆಯ ಫುಟ್‌ಬಾಲ್ ಲೀಗಿನಿಂದ ಹೊರಬಂದು ಕಟ್ಟಿಕೊಂಡ ವ್ಯವಸ್ಥೆ ಅದು. ಮೊದಲ ಐದು ವರ್ಷದ ಟೆಲಿವಿಷನ್ ಒಪ್ಪಂದದ ಮೊತ್ತವೇ 30 ಕೋಟಿ ಪೌಂಡಿನ ಮೇಲಿತ್ತು.

ಆ ವರ್ಷ ಹೈಬರಿಯಲ್ಲಿ ಇನ್ನೊಂದು ಸಣ್ಣ ಘಟನೆ ನಡೆಯಿತು. ಅಭಿಮಾನಿಗಳು ನಿಂತು ಆಟ ನೋಡುತ್ತಿದ್ದ ‘ನಾರ್ತ್ ಬ್ಯಾಂಕ್’ ಎಂಬ ಮೆಟ್ಟಿಲ ಸಾಲನ್ನು ಕೆಡವಿ ಕುರ್ಚಿಗಳಿರುವ ಗ್ಯಾಲರಿ ಕಟ್ಟಲು ಶುರುಮಾಡಿದರು. ಕಟ್ಟಡದ ಕೆಲಸ ಕಾಣದಂತೆ ಗೋಲಿನ ಹಿಂದೆ ಉದ್ದಕ್ಕೂ ಒಂದು ಚಿತ್ರ ನಿಲ್ಲಿಸಿದರು. ಚಿತ್ರದಲ್ಲಿದ್ದದ್ದು ಸಾವಿರಾರು ಪ್ರೇಕ್ಷಕರ ಮುಖಗಳು. ಆ ಜನರಲ್ಲಿ ಒಬ್ಬನೂ ಕಪ್ಪು ಬಣ್ಣದವನಿಲ್ಲ ಎಂದು ಟೀಕೆ ಬಂದಾಗ ಚಿತ್ರವನ್ನು ತಿದ್ದಬೇಕಾಯಿತು. ಇತ್ತ ಹೊಸ ಗ್ಯಾಲರಿಯ ಖರ್ಚಿಗೆಂದು ಕ್ಲಬ್ಬು ಸಾವಿರ ಪೌಂಡು ಮೀರಿದ ಬೆಲೆಯ ‘ಬಾಂಡ್’ಗಳನ್ನು ಅಭಿಮಾನಿಗಳಿಗೇ ಮಾರಲು ಹೊರಟಿತ್ತು. ಅದನ್ನು ಕೊಂಡವನಿಗೆ ಸಿಗುತ್ತಿದ್ದದ್ದು ಸೀಸನ್ ಟಿಕೆಟ್ ಕೊಳ್ಳುವ ಹಕ್ಕು ಮಾತ್ರ, ಟಿಕೆಟ್ಟಿಗೆ ಮತ್ತೆ ಬೇರೆ ದುಡ್ಡು. ನಿಜವಾದ ಜನ ಹೊರಗೆ ಹಣ ಹೊಂದಿಸುತ್ತಿರುವಾಗ ಬಣ್ಣದ ಜನ ಒಳಗೆ ನಿಂತಿದ್ದರು. ಮುಂದಿನ ಮೂವತ್ತು ವರ್ಷಗಳಲ್ಲಿ ಇಂಗ್ಲಿಷ್ ಫುಟ್‌ಬಾಲಿನಲ್ಲಿ ಆದದ್ದರ ಸಾರಾಂಶ ಆ ಚಿತ್ರದಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ. ಜನ ಬೇಡವಾಗಲಿಲ್ಲ. ಜನ ಇರುವಂತೆ ಕಾಣುವುದು ಬೇಕಾಯಿತು.

ಇದಕ್ಕೆಲ್ಲ ವಿದೇಶಿ ಮಾಲೀಕರೇ ಕಾರಣ ಎಂಬ ಮಾತು ಇಂಗ್ಲೆಂಡಿನಲ್ಲಿ ಆಗಾಗ ಕೇಳಿಬರುತ್ತದೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಅಲ್ಲಿನ ಫುಟ್‌ಬಾಲ್ ಸಂಸ್ಥೆಯಲ್ಲಿ ‘ರೂಲ್ 34’ ಎಂಬ ಹಳೆಯ ನಿಯಮವೊಂದಿತ್ತು. ಕ್ಲಬ್ಬಿನ ನಿರ್ದೇಶಕರು ಸಂಬಳ ಪಡೆಯುವಂತಿರಲಿಲ್ಲ, ಷೇರುದಾರರಿಗೆ ಹಂಚುವ ಲಾಭಕ್ಕೆ ಮಿತಿಯಿತ್ತು. ಕ್ಲಬ್ಬು ಲಾಭ ತೆಗೆಯುವ ಅಂಗಡಿಯಲ್ಲ, ಊರಿನ ಪರವಾಗಿ ಕೆಲವರು ನೋಡಿಕೊಳ್ಳುವ ಆಸ್ತಿ ಎಂಬ ಭಾವನೆ ಅದರ ಹಿಂದಿತ್ತು. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬು ತನ್ನ ಮೇಲೊಂದು ಕಂಪನಿ ಕಟ್ಟಿ, ಆ ಕಂಪನಿಯನ್ನು ಷೇರುಪೇಟೆಗೆ ಒಯ್ದು ಈ ನಿಯಮವನ್ನು ಪಕ್ಕಕ್ಕೆ ಸರಿಸಿತು. ಹಾಗೆ ಬೇಲಿ ಕಿತ್ತವರು ಇಂಗ್ಲಿಷರೇ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ ಸಿಕ್ಕಿ ಲಿವರ್‌ಪೂಲಿನ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನಂತರ ಬಂದ ಟೇಲರ್ ವರದಿ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಇರಬೇಕೆಂದಿತು; ಆ ನೆಪದಲ್ಲಿ ಟಿಕೆಟ್ ದರ ವಿಪರೀತ ಏರಿಸುವ ಅಗತ್ಯವಿಲ್ಲವೆಂದೂ ಸೂಚಿಸಿತ್ತು. ಕ್ಲಬ್ಬುಗಳು ಮೊದಲನೆಯ ಮಾತನ್ನು ಕೇಳಿಸಿಕೊಂಡವು.

ಅಂದರೆ ರಷ್ಯಾದ ರೋಮನ್ ಅಬ್ರಮೊವಿಚ್ 2003ರಲ್ಲಿ ಚೆಲ್ಸಿಯನ್ನು ಕೊಳ್ಳುವ ಹೊತ್ತಿಗೆ ಸಂತೆ ಆಗಲೇ ಕೂಡಿತ್ತು. ಆಮೇಲೆ ಬಂದವರು ಬೇರೆ ಬೇರೆ ಉದ್ದೇಶಗಳಿಂದ ಬಂದರು. 2005ರಲ್ಲಿ ಅಮೆರಿಕದ ಗ್ಲೇಝರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಬಹುಪಾಲು ಸಾಲದ ಹಣದಿಂದ ಕೊಂಡು, ಆ ಸಾಲದ ದೊಡ್ಡ ಭಾಗವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಮನೆ ಕೊಂಡವನು ಸಾಲದ ಕಂತನ್ನು ಮನೆಯಲ್ಲಿರುವವರಿಂದಲೇ ವಸೂಲಿ ಮಾಡಿದ ಹಾಗೆ. 2008ರಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಮ್ಯಾಂಚೆಸ್ಟರ್ ಸಿಟಿಗೆ ಬಂದರು, 2021ರಲ್ಲಿ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ ನ್ಯೂಕಾಸಲ್ ಕ್ಲಬ್ಬಿಗೆ ಬಂತು. ಇವರಿಗೆ ಲಾಭಕ್ಕಿಂತ ಹೆಸರು ಮುಖ್ಯ.

ಭಾರತದವರೂ ಈ ಪಟ್ಟಿಯಲ್ಲಿದ್ದಾರೆ. ಪುಣೆಯ ಕೋಳಿ ಉದ್ಯಮಿಗಳಾದ ವೆಂಕೀಸ್ ಕುಟುಂಬ 2010ರ ನವೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಅನ್ನು ಕೊಂಡಿತು. 1875ರಲ್ಲಿ ಹುಟ್ಟಿದ, 1888ರ ಮೊದಲ ಫುಟ್‌ಬಾಲ್ ಲೀಗಿನ ಸ್ಥಾಪಕರಲ್ಲೊಂದಾದ ಕ್ಲಬ್ಬು ಅದು. ತಿಂಗಳೊಪ್ಪತ್ತಿನಲ್ಲಿ ಅನುಭವಿ ಮ್ಯಾನೇಜರನ್ನು ತೆಗೆದುಹಾಕಿದರು. 2012ರಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು, 2017ರಲ್ಲಿ ಮೂರನೆಯ ದರ್ಜೆಗೆ ಬಿತ್ತು. ಕೆಳಗಿಳಿದ ಆ ಸಂಜೆ ಅಭಿಮಾನಿಗಳು ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ನಗು ಬರುವ ಪ್ರಸಂಗ. ಆದರೆ ಸಾವಿರಾರು ಮೈಲಿ ದೂರದ ಮಾಲೀಕನಿಗೆ ತಮ್ಮ ಮಾತು ತಲುಪಿಸಲು ಆ ಊರಿನವರಿಗೆ ಉಳಿದದ್ದು ಒಂದು ಕೋಳಿ ಎಂಬುದನ್ನು ನೆನೆದರೆ ನಗು ನಿಲ್ಲುತ್ತದೆ.

ಆದರೂ ಬ್ಲ್ಯಾಕ್‌ಬರ್ನ್‌ನ ಕಥೆಗೆ ಇನ್ನೊಂದು ಮುಖವಿದೆ. 1995ರಲ್ಲಿ ಅದೇ ಕ್ಲಬ್ಬು ಪ್ರೀಮಿಯರ್ ಲೀಗ್ ಗೆದ್ದಿತ್ತು. ಆಗ ಅದರ ಹಿಂದಿದ್ದದ್ದು ಜ್ಯಾಕ್ ವಾಕರ್ ಎಂಬ ಅದೇ ಊರಿನ ಉಕ್ಕಿನ ವ್ಯಾಪಾರಿಯ ಹಣ. ಆ ಗೆಲುವೂ ಕೊಂಡ ಗೆಲುವೇ ತಾನೆ? ಹೌದು. ವ್ಯತ್ಯಾಸವೇನೆಂದರೆ ವಾಕರ್ ತನ್ನ ಊರಿನ ಜನರಿಗೆ ಮುಖ ತೋರಿಸಬೇಕಾಗಿತ್ತು. ಮಾಲೀಕ ಯಾವ ದೇಶದವನು ಎಂಬುದಕ್ಕಿಂತ, ಅವನಿಗೆ ಜನರ ಕಣ್ಣಳತೆಯಲ್ಲಿ ಬದುಕುವ ಅಗತ್ಯವಿದೆಯೇ ಎಂಬುದು ನನಗೆ ಮುಖ್ಯ ಪ್ರಶ್ನೆ. ಥಾಯ್ಲೆಂಡಿನ ವಿಚೈ ಶ್ರೀವದ್ಧನಪ್ರಭ ಲೆಸ್ಟರ್ ಸಿಟಿಯ ಮಾಲೀಕರಾಗಿ ಊರಿನ ಆಸ್ಪತ್ರೆಗೆ ದಾನ ಕೊಟ್ಟರು, 2016ರಲ್ಲಿ ಯಾರೂ ಊಹಿಸದ ಪ್ರಶಸ್ತಿ ಗೆದ್ದ ತಂಡವನ್ನು ಕಟ್ಟಿಸಿದರು. 2018ರಲ್ಲಿ ಮೈದಾನದ ಹೊರಗೇ ಹೆಲಿಕಾಪ್ಟರ್ ಬಿದ್ದು ಅವರು ತೀರಿಕೊಂಡಾಗ ಲೆಸ್ಟರಿನ ಜನ ತಮ್ಮವರನ್ನು ಕಳೆದುಕೊಂಡಂತೆ ಅತ್ತರು. ಅದೇ ಹೊತ್ತಿಗೆ ನ್ಯೂಕಾಸಲ್‌ನ ಇಂಗ್ಲಿಷ್ ಮಾಲೀಕ ಮೈಕ್ ಆಶ್ಲಿ ತನ್ನ ಅಂಗಡಿಯ ಹೆಸರನ್ನೇ 2011ರಲ್ಲಿ ಸೇಂಟ್ ಜೇಮ್ಸ್ ಪಾರ್ಕ್ ಮೈದಾನಕ್ಕೆ ಇಟ್ಟಿದ್ದರು. ಪರಕೀಯರು ಯಾರು?

ನ್ಯೂಕಾಸಲ್‌ನ ಉದಾಹರಣೆ ಅಭಿಮಾನಿಗಳ ಪರ ಮಾತಾಡುವವರಿಗೆ ಮುಜುಗರದ್ದೂ ಹೌದು. ಆಶ್ಲಿಯಿಂದ ಬಿಡುಗಡೆ ಸಿಕ್ಕ ದಿನ ಅಲ್ಲಿನ ಜನ ಬೀದಿಯಲ್ಲಿ ಕುಣಿದರು, ಕೆಲವರು ಅರಬರಂತೆ ತಲೆಗೆ ಬಟ್ಟೆ ಸುತ್ತಿಕೊಂಡರು. ಸೌದಿಯ ಮಾನವ ಹಕ್ಕುಗಳ ದಾಖಲೆ ಏನೆಂದು ಗೊತ್ತಿದ್ದೂ ಅನೇಕರು ಆ ಮಾತು ಎತ್ತಲು ಇಷ್ಟಪಡಲಿಲ್ಲ. 2025ರ ಮಾರ್ಚಿನಲ್ಲಿ ಲೀಗ್ ಕಪ್ ಗೆದ್ದಾಗ, 1955ರಿಂದ ದೇಶದ ದೊಡ್ಡ ಪ್ರಶಸ್ತಿಯೊಂದೂ ಕಾಣದ ಊರಿಗೆ ಎಪ್ಪತ್ತು ವರ್ಷದ ಬರ ಮುಗಿಯಿತು. ಅವರ ಸಂತೋಷವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಆದರೆ ಕೆಟ್ಟ ದೊರೆ ಹೋಗಿ ಒಳ್ಳೆಯ ದೊರೆ ಬರಲಿ ಎಂದು ಹಾರೈಸುವುದಷ್ಟೇ ಪಾಲಿಗೆ ಬಂದವನನ್ನು ಪ್ರಜೆ ಎನ್ನಬಹುದು, ಪಾಲುದಾರ ಎನ್ನಲಾಗದು. ಈ ಬದಲಾವಣೆಯ ನಿಜವಾದ ನಷ್ಟ ಇದು. ಅಭಿಮಾನಿಯ ಆಸೆಯೇ ಸಣ್ಣದಾಗಿಬಿಟ್ಟಿದೆ.

ಮಾಲೀಕರು ಅವನನ್ನು ಗಿರಾಕಿ ಎಂದು ಕರೆಯುತ್ತಾರೆ. ಗಿರಾಕಿಗೆ ಒಂದು ಬಲವಿದೆ, ಈ ಅಂಗಡಿಯಲ್ಲಿ ಬೆಲೆ ಹೆಚ್ಚಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಲಿವರ್‌ಪೂಲಿನಲ್ಲಿ ಹುಟ್ಟಿ ಬೆಳೆದವನು ಟಿಕೆಟ್ ದುಬಾರಿಯಾಯಿತೆಂದು ಎವರ್ಟನ್ ತಂಡಕ್ಕೆ ಜೈ ಅನ್ನಲಾರ. ಅವನ ಈ ಅಸಹಾಯಕತೆಗೇ ಬೆಲೆ ಕಟ್ಟಲಾಗಿದೆ. ಕನ್ನಡದ ‘ಅಭಿಮಾನಿ’ ಎಂಬ ಪದದಲ್ಲಿ ಮಾನವೂ ಸೇರಿಕೊಂಡಿದೆ. ಮೆಚ್ಚಿಕೊಂಡದ್ದರಲ್ಲಿ ತನ್ನ ಮರ್ಯಾದೆಯನ್ನೂ ಇಟ್ಟವನು ಅಭಿಮಾನಿ. ಅಂಥವನಿಂದ ಎಷ್ಟು ಬೇಕಾದರೂ ವಸೂಲಿ ಮಾಡಬಹುದು ಎಂಬುದು ವ್ಯಾಪಾರಿಗೆ ಬೇಗ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಪಾತ್ರದ ಮಾತೂ ಬರಬೇಕು. ಬೆಂಗಳೂರಿನಲ್ಲಿ ಕೂತು ಈ ಆಟ ನೋಡುವ ನಾನು, ನನ್ನಂಥ ಲಕ್ಷಾಂತರ ಜನ ಈ ವ್ಯಾಪಾರದ ಹೊರಗಿಲ್ಲ. ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಪಂದ್ಯ ಶುರುವಾದರೆ ನಮಗೆ ಸಂಜೆ ಐದು ಅಥವಾ ಆರು ಗಂಟೆ, ಸಿಂಗಾಪುರಕ್ಕೆ ರಾತ್ರಿ ಊಟದ ಹೊತ್ತು. ನ್ಯೂಕಾಸಲ್‌ನಿಂದ ಲಂಡನ್ನಿಗೆ ತಂಡದ ಹಿಂದೆ ಬರುವವನು ಮಾತ್ರ ಕತ್ತಲಿರುವಾಗಲೇ ಮನೆ ಬಿಡಬೇಕು. ಇನ್ನೂ ವಿಚಿತ್ರವೆಂದರೆ, ಜನ ಮೈದಾನಕ್ಕೆ ಬರುವುದು ನಿಲ್ಲಬಾರದೆಂದು ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ನೇರವಾಗಿ ತೋರಿಸದ ಹಳೆಯ ಪದ್ಧತಿ ಈಗಲೂ ಇದೆ. ಮ್ಯಾಂಚೆಸ್ಟರಿನಲ್ಲಿ ಟಿಕೆಟ್ ಸಿಗದವನು ನೋಡಲಾಗದ ಪಂದ್ಯವನ್ನು ನಾನು ಇಲ್ಲಿ ನೋಡಬಹುದು. 2008ರಲ್ಲಂತೂ ಒಂದು ಹೆಚ್ಚುವರಿ ಸುತ್ತನ್ನು ಹೊರದೇಶಗಳ ನಗರಗಳಲ್ಲೇ ಆಡಿಸುವ ಯೋಜನೆ ಹೊರಟಿತ್ತು. ವಿರೋಧ ಬಂದು ಬಿದ್ದುಹೋಯಿತು.

ದೂರದಿಂದ ನೋಡುವವನ ಪ್ರೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನಮಗೆ ಮಾರುತ್ತಿರುವುದು ಏನನ್ನು? 2020ರ ಜೂನಿನಲ್ಲಿ, ಕೋವಿಡ್ ನಡುವೆ ಖಾಲಿ ಮೈದಾನಗಳಲ್ಲಿ ಪಂದ್ಯಗಳು ಮತ್ತೆ ಶುರುವಾದಾಗ ಅದಕ್ಕೆ ಉತ್ತರ ಸಿಕ್ಕಿತು. ಆಟಗಾರರು ಅವರೇ, ಚೆಂಡು ಅದೇ, ಕ್ಯಾಮರಾಗಳೂ ಅವೇ. ಆದರೆ ನೋಡಲಾಗುತ್ತಿರಲಿಲ್ಲ. ಕೊನೆಗೆ ಸ್ಕೈ ವಾಹಿನಿ ವಿಡಿಯೋ ಗೇಮ್ ಕಂಪನಿಯೊಂದರ ಜೊತೆ ಸೇರಿ ಜನರ ಕೂಗಾಟದ ಧ್ವನಿಮುದ್ರಣವನ್ನು ಚಿತ್ರಕ್ಕೆ ಜೋಡಿಸಿತು. 1992ರಲ್ಲಿ ಜನರ ಚಿತ್ರ, 2020ರಲ್ಲಿ ಜನರ ಸದ್ದು. ಜಗತ್ತಿಗೆ ಮಾರುವ ಸರಕಿನಲ್ಲಿ ಅರ್ಧದಷ್ಟನ್ನು ತಯಾರಿಸುವವರು ಗ್ಯಾಲರಿಯ ಜನ ಎಂಬುದು ಆಗ ಬಯಲಾಯಿತು. ಆ ಕೆಲಸಕ್ಕೆ ಅವರಿಗೆ ಕೂಲಿ ಇಲ್ಲ. ಅವರೇ ದುಡ್ಡು ಕೊಟ್ಟು ಬಂದು ಆ ಕೆಲಸ ಮಾಡಬೇಕು.

ಇದನ್ನು ಅರಿತಾಗಲೆಲ್ಲ ಅವರು ಗೆದ್ದಿದ್ದಾರೆ. 2016ರ ಫೆಬ್ರವರಿಯಲ್ಲಿ 77 ಪೌಂಡಿನ ಟಿಕೆಟ್ ಘೋಷಿಸಿದ ಲಿವರ್‌ಪೂಲ್ ಕ್ಲಬ್ಬಿನ ಸಾವಿರಾರು ಅಭಿಮಾನಿಗಳು ಪಂದ್ಯದ 77ನೆಯ ನಿಮಿಷಕ್ಕೆ ಎದ್ದು ಹೊರನಡೆದರು. ಆಗ 2-0 ಮುಂದಿದ್ದ ತಂಡ 2-2ಕ್ಕೆ ಬಂದು ನಿಂತಿತು. ಮಾಲೀಕರು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ದರ ಹಿಂದೆ ತೆಗೆದುಕೊಂಡರು. 2021ರ ಏಪ್ರಿಲ್ 18ರಂದು ಆರು ಇಂಗ್ಲಿಷ್ ಕ್ಲಬ್ಬುಗಳು, ಸ್ಥಾಪಕರು ಎಂದೂ ಕೆಳಗಿಳಿಯದ ಯುರೋಪಿಯನ್ ಸೂಪರ್ ಲೀಗಿಗೆ ಸೇರುವುದಾಗಿ ಹೇಳಿದವು. ಸ್ಥಳೀಯರನ್ನು ‘ಲೆಗಸಿ ಫ್ಯಾನ್ಸ್’ ಎಂದೂ, ದೂರದೇಶದವರನ್ನು ‘ಭವಿಷ್ಯದ ಅಭಿಮಾನಿಗಳು’ ಎಂದೂ ಆ ಯೋಜನೆಯವರು ಕರೆದರೆಂದು ವರದಿಯಾಯಿತು. ಆ ಹಳಬರೇ ಚೆಲ್ಸಿಯ ಬಸ್ಸಿನ ಮುಂದೆ ಬೀದಿಗಿಳಿದರು. ಎರಡು ದಿನದೊಳಗೆ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಇನ್ನು ಕೆಲವರು ಜಗಳ ಬಿಟ್ಟು ಹೊಸದನ್ನೇ ಕಟ್ಟಿದರು. ವಿಂಬಲ್ಡನ್ ಕ್ಲಬ್ಬನ್ನು ತೊಂಬತ್ತು ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಒಪ್ಪಿಗೆ ಸಿಕ್ಕಾಗ ಅಭಿಮಾನಿಗಳು ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ, ಸ್ಥಳೀಯ ಹವ್ಯಾಸಿ ಲೀಗುಗಳಿಂದ ಒಂದೊಂದೇ ಮೆಟ್ಟಿಲು ಹತ್ತಿ, 2020ರಲ್ಲಿ ಪ್ಲೌ ಲೇನ್‌ಗೆ ಮರಳಿದರು. ಕುಸಿದು ಬಿದ್ದವರೂ ಇದ್ದಾರೆ. 1885ರಲ್ಲಿ ಹುಟ್ಟಿ ಎರಡು ಸಲ ಎಫ್‌ಎ ಕಪ್ ಗೆದ್ದ ಬರಿ ಕ್ಲಬ್ಬು 2019ರಲ್ಲಿ ಹಣದ ಮುಗ್ಗಟ್ಟಿನಿಂದ ಲೀಗಿನಿಂದಲೇ ಹೊರಬಿತ್ತು. ಇವೆಲ್ಲದರ ಫಲವಾಗಿ 2025ರಲ್ಲಿ ಇಂಗ್ಲೆಂಡಿನ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕ ಸಂಸ್ಥೆಯನ್ನು ತರುವ ಕಾನೂನು ಬಂದಿದೆ. ಮೈದಾನ, ಲಾಂಛನ, ಬಣ್ಣಗಳಂಥ ವಿಷಯದಲ್ಲಿ ಇನ್ನು ಅಭಿಮಾನಿಗಳ ಮಾತಿಗೆ ಜಾಗವಿರುತ್ತದೆ. ಟಿಕೆಟ್ ದರವನ್ನು ಮಾತ್ರ ಕ್ಲಬ್ಬುಗಳೇ ತೀರ್ಮಾನಿಸುತ್ತವೆ.

ಆ ದರವೇ ನನಗೆ ಎಲ್ಲಕ್ಕಿಂತ ದೊಡ್ಡ ವಿಷಯವಾಗಿ ಕಾಣುತ್ತದೆ. 2024ರ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್, ಉಳಿದ ಪಂದ್ಯಗಳ ಮಾರಾಟವಾಗದ ಟಿಕೆಟ್‌ಗಳಿಗೆ 66 ಪೌಂಡು ಇಟ್ಟಿತು. ಮಕ್ಕಳಿಗೂ ವಯಸ್ಸಾದವರಿಗೂ ರಿಯಾಯಿತಿ ಇರಲಿಲ್ಲ. ಅಷ್ಟು ಹೊತ್ತಿಗೆ ಕ್ಲಬ್ಬಿನ ಆಡಳಿತದಲ್ಲಿ ಬ್ರಿಟನ್ನಿನವರೇ ಆದ ಜಿಮ್ ರ‍್ಯಾಟ್‌ಕ್ಲಿಫ್ ಸೇರಿಕೊಂಡಿದ್ದರು. ಹಾರ್ನ್‌ಬಿಯ ಪುಸ್ತಕ ಹುಟ್ಟಿದ್ದು ಒಬ್ಬ ಅಪ್ಪ ಮಗನ ಕೈಹಿಡಿದು ಮೈದಾನಕ್ಕೆ ಹೋದದ್ದರಿಂದ. ಇಬ್ಬರಿಗೆ 132 ಪೌಂಡು ಎಂದಾಗ, ಏನು ಮಾಡುವುದೆಂದು ತೋಚದ ಇವತ್ತಿನ ಅಪ್ಪ ಮಗನನ್ನು ಬೇರೆಲ್ಲಿಗೋ ಕರೆದುಕೊಂಡು ಹೋಗುತ್ತಾನೆ. ಅವನ ಕುರ್ಚಿ ಖಾಲಿ ಉಳಿಯುವುದಿಲ್ಲ. ಒಮ್ಮೆ ನೋಡಿ ಫೋಟೋ ತೆಗೆದುಕೊಂಡು ಹೋಗುವ ನನ್ನಂಥ ಪ್ರವಾಸಿಯೊಬ್ಬ ಅಲ್ಲಿ ಕೂರುತ್ತಾನೆ. ಮೈದಾನ ತುಂಬಿದೆಯೆಂದು ಲೆಕ್ಕ ಹೇಳುತ್ತದೆ. ಹಾಡು ಗೊತ್ತಿರುವವರು ಎಷ್ಟು ಮಂದಿ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.