ಒಂದು ಚಮಚ ಓಟ್ಸು, ಇಡಿಯ ಸೇಬು

ರಾತ್ರಿ ನೆನೆಯಿಟ್ಟು ಬೆಳಗ್ಗೆ ತಣ್ಣಗೆ ತಿನ್ನುವ ಓಟ್ಸು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕೆಫೆಗಳ ತಿಂಡಿಪಟ್ಟಿಯನ್ನು ಮಾತ್ರವಲ್ಲದೆ, ಹೊತ್ತಿಗೆ ಮುಂಚೆ ಕಚೇರಿಗೆ ಹೊರಡುವವರ ಮನೆಯ ಫ್ರಿಜ್ಜನ್ನೂ ಪ್ರವೇಶಿಸಿರುವುದರಿಂದ, ಅದರ ವಿಷಯದಲ್ಲಿ ಎರಡು ಮಾತು ಬರೆಯುವುದು ಈ ಅಂಕಣದ ಮರ್ಯಾದೆಗೆ ಕುಂದಲ್ಲವೆಂದು ಭಾವಿಸುತ್ತೇನೆ. ಗಾಜಿನ ಭರಣಿಯ ಮುಕ್ಕಾಲುಪಾಲು ಓಟ್ಸನ್ನೇ ತುಂಬಿ, ಅದು ಹಾಲು ಕುಡಿದು ಉಬ್ಬಿ ಗಟ್ಟಿಯಾದ ಮೇಲೆ ನಾಲ್ಕು ಬಾಳೆಹಣ್ಣಿನ ಬಿಲ್ಲೆಗಳನ್ನೂ ಒಂದಿಷ್ಟು ಪೀನಟ್ ಬಟರನ್ನೂ ಅಲಂಕಾರಾರ್ಥವಾಗಿ ನೆತ್ತಿಯ ಮೇಲಿರಿಸಿ ಕೊಡುವ ಪದ್ಧತಿಯೇ ಈಗ ಸರ್ವತ್ರ ರೂಢಿಯಲ್ಲಿದೆ. ಇದನ್ನು ತಿನ್ನಬಹುದು, ಹೊಟ್ಟೆಯೂ ತುಂಬುತ್ತದೆ. ಆದರೆ ಹಣ್ಣು ದೊರೆಯಾಗಿರಬೇಕಾದಲ್ಲಿ ಧಾನ್ಯವು ಸಿಂಹಾಸನವೇರಿದೆ ಎಂಬುದು ನನ್ನ ತಕರಾರು. ಈ ತಕರಾರು ಕೇವಲ ನಾಲಗೆಯ ಚಾಪಲ್ಯದ್ದಲ್ಲ, ಅದಕ್ಕೆ ಚರಿತ್ರೆಯ ಆಧಾರವುಂಟು.

ಸ್ವಿಟ್ಜರ್ಲೆಂಡಿನ ಆರಾವ್ ಎಂಬ ಊರಿನಲ್ಲಿ 1867ರಲ್ಲಿ ಜನಿಸಿ, ಜ್ಯೂರಿಕ್ ನಗರದಲ್ಲಿ ವೈದ್ಯವೃತ್ತಿಯನ್ನು ಕೈಗೊಂಡ ಮ್ಯಾಕ್ಸಿಮಿಲಿಯನ್ ಬಿರ್ಖರ್-ಬೆನ್ನರ್ ಎಂಬಾತನು, ಮಾಂಸವೇ ಬಲದ ಮೂಲವೆಂದೂ ಹಣ್ಣು ತರಕಾರಿಗಳು ಬಾಯಿಚಪಲವೆಂದೂ ಯುರೋಪಿನ ವೈದ್ಯಲೋಕವು ಬಹುಮಟ್ಟಿಗೆ ನಂಬಿದ್ದ ಕಾಲದಲ್ಲಿ, ಬೇಯಿಸದ ಸಸ್ಯಾಹಾರದಲ್ಲಿಯೇ ಸೂರ್ಯನ ತೇಜಸ್ಸು ಕೆಡದೆ ಉಳಿದಿರುತ್ತದೆಂದೂ ರೋಗಿಗೆ ಅದೇ ದಿವ್ಯೌಷಧವೆಂದೂ ಸಾರಿ, ಆ ಕಾರಣದಿಂದಲೇ ತನ್ನ ಊರಿನ ವೈದ್ಯರ ಅವಜ್ಞೆಗೆ ಪಾತ್ರನಾದನು. ಸೂರ್ಯತೇಜಸ್ಸಿನ ಸಿದ್ಧಾಂತವು ವಿಜ್ಞಾನದ ಒರೆಗಲ್ಲಿನ ಮುಂದೆ ನಿಲ್ಲಲಿಲ್ಲ, ನಿಂತದ್ದು ತಿನಿಸು. 1900ರ ಆಸುಪಾಸಿನಲ್ಲಿ ಆತನು ತನ್ನ ರೋಗಿಗಳಿಗಾಗಿ ರೂಪಿಸಿದ, ಮುಂದೆ ಮ್ಯೂಸ್ಲಿ ಎಂದು ಲೋಕವಿಖ್ಯಾತವಾದ ಈ ಖಾದ್ಯದ ಪ್ರೇರಣೆಯು ಆಲ್ಪ್ಸ್ ಪರ್ವತದ ದನಗಾಹಿಗಳ ಊಟದಿಂದ ಬಂದಿತೆಂದು ಹೇಳುವರು. 1904ರಲ್ಲಿ ಜ್ಯೂರಿಕ್‌ಬರ್ಗ್ ಗುಡ್ಡದ ಮೇಲೆ ಆತನು ತೆರೆದ ಆರೋಗ್ಯಧಾಮದಲ್ಲಿ ಬೆಳಗಿನ ನಡಿಗೆ, ತೋಟದ ಕೆಲಸ, ತಣ್ಣೀರ ಸ್ನಾನ, ಇರುಳು ಬೇಗನೆ ನಿದ್ರೆ ಎಂಬ ಕಠಿಣ ದಿನಚರಿಯು ಜಾರಿಯಲ್ಲಿದ್ದು, 1909ರಲ್ಲಿ ಅಲ್ಲಿ ಚಿಕಿತ್ಸೆಗೆಂದು ತಂಗಿದ್ದ ಜರ್ಮನ್ ಕಾದಂಬರಿಕಾರ ಥಾಮಸ್ ಮನ್ನನು ಆ ಸ್ಥಳವನ್ನು ಆರೋಗ್ಯದ ಸೆರೆಮನೆಯೆಂದೇ ಬಗೆದನು. ಸೆರೆಮನೆಯ ಊಟವೊಂದು ಜಗತ್ತಿನ ಹೋಟೆಲುಗಳಲ್ಲೆಲ್ಲ ದುಡ್ಡು ಕೊಟ್ಟು ತಿನ್ನುವ ಪದಾರ್ಥವಾದ ನಿದರ್ಶನ ಬೇರೊಂದು ನನಗೆ ತಿಳಿಯದು.

ಆತನ ಮೂಲ ಪಾಕಕ್ರಮವನ್ನು ನೋಡಿದವರಿಗೆ ಮೊದಲು ಸೋಜಿಗವಾಗುವುದು ಅದರಲ್ಲಿನ ಓಟ್ಸಿನ ಅಲ್ಪತೆ. ಒಬ್ಬರಿಗೆ ಒಂದೇ ಒಂದು ದೊಡ್ಡ ಚಮಚ ಓಟ್ಸು. ಅದನ್ನು ಮೂರು ಚಮಚ ನೀರಿನಲ್ಲಿ 12 ಗಂಟೆ ನೆನೆಸಬೇಕು. ಬೆಳಗ್ಗೆ ಅದಕ್ಕೆ ಒಂದು ಚಮಚ ನಿಂಬೆರಸ, ಒಂದು ಚಮಚ ಡಬ್ಬಿಯ ಕಂಡೆನ್ಸ್ಡ್ ಮಿಲ್ಕು ಕೂಡಿಸಿ, ಇಡಿಯ ದೊಡ್ಡ ಸೇಬೊಂದನ್ನು ಸಿಪ್ಪೆ ದಿಂಡು ಸಹಿತ ಅದರೊಳಕ್ಕೇ ತುರಿದು, ಮೇಲೆ ಒಂದು ಚಮಚ ಹೇಜಲ್ ಬೀಜದ ಅಥವಾ ಬಾದಾಮಿಯ ಪುಡಿಯನ್ನು ಉದುರಿಸಬೇಕು. ಹಸಿಹಾಲಿನಿಂದ ಕ್ಷಯರೋಗ ಹರಡುತ್ತದೆಂಬ ಭೀತಿಯಿದ್ದ ಆ ದಿನಗಳಲ್ಲಿ ಡಬ್ಬಿಯ ಹಾಲೇ ನಂಬಿಕೆಗೆ ಯೋಗ್ಯವಾಗಿತ್ತು. ಒಟ್ಟಿನಲ್ಲಿ ಇದು ಸೇಬಿನ ಭೋಜನ. ತುರಿದ ಸೇಬಿನ ರಸವು ತಟ್ಟೆಯ ತಳಕ್ಕೆ ಇಳಿದುಹೋಗದಂತೆ ಹಿಡಿದು ನಿಲ್ಲಿಸುವಷ್ಟಕ್ಕೆ ಮಾತ್ರ ಓಟ್ಸಿನ ಅಧಿಕಾರ. ದಿಂಡಿನ ವಿಷಯದಲ್ಲಿ ಮಾತ್ರ ವೈದ್ಯನ ಅಪ್ಪಣೆಯನ್ನು ನಾನು ಪಾಲಿಸುವುದಿಲ್ಲ: ಅದು ಹಲ್ಲಿಗೆ ನಾರು, ಅದರೊಳಗಿನ ಬೀಜ ನಾಲಗೆಗೆ ಕಹಿ.

ಬೇಯಿಸದ ಓಟ್ಸನ್ನು ತಿನ್ನುವುದೆಂತು ಎಂದು ಶಂಕಿಸುವ ಹಿರಿಯರು ಇನ್ನೂ ಅನೇಕರಿದ್ದಾರೆ. ಅಂಗಡಿಯಲ್ಲಿ ದೊರೆಯುವ ಓಟ್ಸು ವಸ್ತುತಃ ಹಸಿಯ ಧಾನ್ಯವೇ ಅಲ್ಲ. ಬೇರೆ ಧಾನ್ಯಗಳಿಗಿಂತ ಹೆಚ್ಚು ಕೊಬ್ಬುಳ್ಳ ಈ ಕಾಳಿನಲ್ಲಿ ಆ ಕೊಬ್ಬನ್ನು ಒಡೆದು ಕಹಿಮಾಡುವ ಕಿಣ್ವವೊಂದು ಇರುವುದರಿಂದ, ಹೊಟ್ಟು ತೆಗೆದ ಕಾಳನ್ನು ಗಿರಣಿಯಲ್ಲಿ ಹಬೆಗೊಡ್ಡಿ ಆ ಕಿಣ್ವವನ್ನು ಅಡಗಿಸಿ, ಮೆದುವಾದ ಮೇಲೆಯೇ ಉರುಳೆಗಳ ನಡುವೆ ಚಪ್ಪಟೆ ಮಾಡುತ್ತಾರೆ. ಬಿಸಿ ಕಂಡು ಚಪ್ಪಟೆಯಾದ ನಮ್ಮ ಅವಲಕ್ಕಿ ಹೇಗೆ ಒಲೆಯ ಹಂಗಿಲ್ಲದೆ ನೀರಿನಲ್ಲಿಯೇ ಮೆತ್ತಗಾಗುವುದೋ ಇದೂ ಹಾಗೆಯೆ. ಅವಲಕ್ಕಿಯಲ್ಲಿ ಗಟ್ಟಿಯದು, ಪೇಪರಿನದು ಎಂಬ ಭೇದವಿರುವಂತೆ ಇಲ್ಲಿಯೂ ತಾರತಮ್ಯವುಂಟು. ಇಡಿಯ ಕಾಳನ್ನು ಒತ್ತಿದ ರೋಲ್ಡ್ ಓಟ್ಸು ಈ ಕಾರ್ಯಕ್ಕೆ ಪ್ರಶಸ್ತ. ಮೂರು ನಿಮಿಷದಲ್ಲಿ ಬೇಯುವುದೆಂದು ಹೊಗಳಿ ಮಾರುವ ಸಣ್ಣ ಓಟ್ಸು ಬೆಳಗಾಗುವುದರೊಳಗೆ ಅಂಟಿನ ಸರಿಯಾಗಿರುತ್ತದೆ. ಕತ್ತರಿಸಿದ ಸ್ಟೀಲ್-ಕಟ್ ಓಟ್ಸಾದರೋ ರಾತ್ರಿಯೆಲ್ಲ ನೆನೆದರೂ ತನ್ನ ಹಟ ಬಿಡದು.

ಬಿರ್ಖರನು ನೀರಿನಲ್ಲಿ ನೆನೆಸಿದನು, ನಾವು ಹಾಲಿನಲ್ಲಿ ನೆನೆಸುತ್ತೇವೆ. ಫ್ರಿಜ್ಜು ಇರುವವರಿಗೆ ಹಾಲು ಬಾಧಕವಲ್ಲ. ಆದರೂ ನನ್ನ ಮತ ನೀರಿಗೇ ಸಲ್ಲುತ್ತದೆ. ಹಾಲಿನಲ್ಲಿ ನೆನೆದ ಓಟ್ಸಿಗೆ ಒಂದು ಬಗೆಯ ಜಡವಾದ ಸಪ್ಪೆತನ ಬರುತ್ತದೆ, ನೀರಿನಲ್ಲಿ ಒಂದು ಚಿಟಿಕೆ ಉಪ್ಪಿನೊಡನೆ ನೆನೆದದ್ದು ಕಾಳಿನ ಸ್ವಂತ ಪರಿಮಳವನ್ನು ಉಳಿಸಿಕೊಳ್ಳುತ್ತದೆ. ಬೆಳಗ್ಗೆ ಚಮಚದಿಂದ ಎತ್ತಿದರೆ ಎಳೆಯಾಗಿ ಜಾರುವ ಲೋಳೆಯೇ ಬೀಟಾ-ಗ್ಲೂಕನ್ ಎಂಬ ನಾರು. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕನ್ ಸೇವನೆಯು ಹೃದ್ರೋಗದ ಅಪಾಯವನ್ನು ತಗ್ಗಿಸಲು ನೆರವಾಗಬಹುದೆಂದು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಸಮ್ಮತಿಸಿದಂದಿನಿಂದ ಓಟ್ಸಿನ ಭಾಗ್ಯವೇ ತೆರೆಯಿತು. ಅಷ್ಟು ನಾರಿಗೆ ದಿನಕ್ಕೆ 60ರಿಂದ 75 ಗ್ರಾಂ ಓಟ್ಸು ಬೇಕಾಗುವುದರಿಂದ, ವೈದ್ಯರ ಚೀಟಿ ಹಿಡಿದು ಓಟ್ಸು ತಿನ್ನುವವರಿಗೆ ಒಂದು ಚಮಚದ ಈ ನನ್ನ ಪಕ್ಷಪಾತದಿಂದ ಪ್ರಯೋಜನವಿಲ್ಲ; ಅವರು ಭರಣಿ ತುಂಬಿಕೊಳ್ಳಲಿ.

ಹಣ್ಣಿನ ಪ್ರಕರಣದಲ್ಲಿ ಮುಖ್ಯವಾದ ನಿಯಮವೊಂದೇ: ಧಾನ್ಯಕ್ಕೆ ರಾತ್ರಿ, ಹಣ್ಣಿಗೆ ಬೆಳಗು. ಸೇಬನ್ನು ರಾತ್ರಿಯೇ ತುರಿದಿಟ್ಟರೆ ಅದು ಕಂದಿ, ನೀರುಬಿಟ್ಟು, ಜೋಲುಮುಖದಿಂದ ಎದುರಾಗುತ್ತದೆ. ಬೆಳಗ್ಗೆ ನಿಂಬೆರಸ ಬೆರೆಸಿದ ಓಟ್ಸಿನ ಬಟ್ಟಲಿನ ಮೇಲೆಯೇ ತುರಿಯುವ ಮಣೆಯನ್ನಿಟ್ಟು, ಪ್ರತಿ ಎಳೆಯೂ ಬಿದ್ದೊಡನೆ ಹುಳಿಯಲ್ಲಿ ಮುಳುಗುವಂತೆ ಕಲಸುತ್ತ ತುರಿದರೆ ಅದು ಬೆಳ್ಳಗೆ ಉಳಿಯುತ್ತದೆ. ಸ್ವಿಸ್ ಗೃಹಿಣಿಯರು ಇದಕ್ಕೆಂದೇ ಬಿರ್ಖರನ ಹೆಸರು ಹೊತ್ತ ಬೇರೊಂದು ತುರಿಮಣೆಯನ್ನು ಬಳಸುತ್ತಾರೆ. ಬಹಳ ಸಿಹಿಯ, ಹಿಟ್ಟುಹಿಟ್ಟಾದ ಸೇಬಿಗಿಂತ ಹುಳಿಮಿಶ್ರಿತವಾದ ಗರಿಗರಿ ಸೇಬು ಮೇಲು. ಸಿಮ್ಲಾದ ಹೊಸ ಸೇಬು ಬರುವ ತಿಂಗಳುಗಳಲ್ಲಿ ಇದರ ಸೊಗಸೇ ಬೇರೆ. ಹಸಿಯ ಅನಾನಸು ಪಪಾಯಿಗಳನ್ನು ಹಾಲು ಮೊಸರುಗಳ ಜೊತೆ ರಾತ್ರಿಯಿಡೀ ಇಡುವುದು ಸರ್ವಥಾ ಕೂಡದು, ಏತಕ್ಕೆಂದರೆ ಅವುಗಳ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಬೆಳಗಿನ ಹೊತ್ತಿಗೆ ಬಟ್ಟಲನ್ನೆಲ್ಲ ಕಹಿಮಾಡಿರುತ್ತವೆ. ಮಾವಿನ ಕಾಲದಲ್ಲಿ ಬಾದಾಮಿ ಮಾವು ಸೇಬಿನ ಸ್ಥಾನಕ್ಕೆ ಬರಬಹುದು. ಆಗ ನಿಂಬೆ ಎರಡರಷ್ಟಿರಲಿ.

ಇನ್ನು ಬೀಜದ ಬೆಣ್ಣೆ. ಬಿರ್ಖರನ ಪುಡಿಯ ಜಾಗವನ್ನು ಇದು ಆಕ್ರಮಿಸಿದ್ದು ಅಮೆರಿಕದ ಕಡೆಯಿಂದ. ಮಿಷಿಗನ್ ಸೀಮೆಯ ಬ್ಯಾಟಲ್ ಕ್ರೀಕಿನಲ್ಲಿ ಇಂಥದೇ ಇನ್ನೊಂದು ಸಸ್ಯಾಹಾರಿ ಆರೋಗ್ಯಧಾಮವನ್ನು ನಡೆಸುತ್ತಿದ್ದ ಜಾನ್ ಹಾರ್ವೆ ಕೆಲಾಗ್, ಮಾಂಸಕ್ಕೆ ಪ್ರತಿಯಾಗಿ ರೋಗಿಗಳಿಗೆ ಕೊಡಲೆಂದು ಬೀಜವನ್ನು ನುಣ್ಣಗೆ ಅರೆಯುವ ವಿಧಾನಕ್ಕೆ 1895ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದನು. ಆತನು ಬೀಜವನ್ನು ಹುರಿಯುತ್ತಿರಲಿಲ್ಲ, ಬೇಯಿಸುತ್ತಿದ್ದನು. ಆ ಬೆಣ್ಣೆಯ ರುಚಿ ಎಂತಿತ್ತೆಂದು ಊಹಿಸಿ ರೋಗಿಗಳ ಬಗ್ಗೆ ಮರುಕಪಡಬಹುದು. ಹುರಿಯದ ಕಡಲೆಕಾಯಿ ಬೀಜಕ್ಕೆ ಗಂಧವೆಲ್ಲಿ?

ಅಂಗಡಿಯ ಸಕ್ಕರೆ ಬೆರೆತ ಡಬ್ಬಿಗಿಂತ ಮನೆಯಲ್ಲಿ ಮಾಡಿಕೊಳ್ಳುವುದು ಲೇಸು. ಚಳ್ಳಕೆರೆಯ ಕಡೆಯ ಒಳ್ಳೆಯ ಬೀಜ ಸಿಕ್ಕರೆ, ಮುರುಟಿದ್ದು ಬೂಷ್ಟು ಹಿಡಿದದ್ದನ್ನು ದಾಕ್ಷಿಣ್ಯವಿಲ್ಲದೆ ಆರಿಸಿ ಎಸೆದು, ಸಣ್ಣ ಉರಿಯಲ್ಲಿ ಒಳಗಿನ ತನಕ ಹೊಂಬಣ್ಣ ಬರುವಂತೆ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಬೇಕು. ಮೊದಲು ಅದು ಚಟ್ನಿಪುಡಿಯಾಗುತ್ತದೆ. ತರುವಾಯ ಜಾರಿನ ಗೋಡೆಗೆ ಮೆತ್ತಿಕೊಂಡು ಒಣ ಉಂಡೆಯಂತೆ ಸುಮ್ಮನಾಗುತ್ತದೆ. ಧೈರ್ಯಗೆಟ್ಟು ಎಣ್ಣೆ ಹೊಯ್ಯುವವರು ಹೊಯ್ಯುವುದು ಈ ಹಂತದಲ್ಲಿಯೇ. ಹೊಯ್ಯಬಾರದು, ಕೆರೆದು ಕೆಳಕ್ಕೆ ತಳ್ಳಿ, ಮೋಟಾರಿಗೆ ಕ್ಷಣಕಾಲ ವಿಶ್ರಾಂತಿಯಿತ್ತು, ಮತ್ತೆ ತಿರುಗಿಸುತ್ತಿದ್ದರೆ ಬೀಜವು ತನ್ನ ಎಣ್ಣೆಯನ್ನು ತಾನೇ ಬಿಟ್ಟುಕೊಟ್ಟು, ಶಬ್ದವು ತಗ್ಗಿ, ಬೆಣ್ಣೆಯು ಹೊಳೆಹೊಳೆಯುತ್ತ ಸುರುಳಿ ಸುತ್ತತೊಡಗುತ್ತದೆ. ಉಪ್ಪಿನ ಹೊರತು ಅದಕ್ಕೆ ಬೇರೇನೂ ಬೇಡ.

ಈ ಬೆಣ್ಣೆಯನ್ನು ನೇರವಾಗಿ ತಣ್ಣನೆಯ ಓಟ್ಸಿಗೆ ಹಾಕಿದರೆ ಅದು ಕರಗದೆ ಅಲ್ಲಲ್ಲಿ ಗಂಟುಗಟ್ಟಿ ಕುಳಿತಿರುತ್ತದೆ. ಬೇರೊಂದು ಬಟ್ಟಲಲ್ಲಿ ಒಂದು ಚಮಚ ಬೆಣ್ಣೆಗೆ ಬಿಸಿನೀರನ್ನು ಹನಿಹನಿಯಾಗಿ ಬೆರೆಸಿರಿ. ತೆಳುವಾಗುವ ಬದಲು ಮೊದಲು ಅದು ಬಿಗಿದು ಬೆಳ್ಳಗಾಗುವುದು ವಿಚಿತ್ರವಾಗಿ ತೋರುತ್ತದೆ, ಆದರೆ ಇನ್ನೆರಡು ಚಮಚ ನೀರು ಬೀಳುತ್ತಲೇ ಕೆನೆಯಂತೆ ಸಡಿಲುತ್ತದೆ. ಡಬ್ಬಿಯ ಹಾಲು ಮಾಡುತ್ತಿದ್ದ ಕೆಲಸವನ್ನೂ ಬಾದಾಮಿಪುಡಿ ಮಾಡುತ್ತಿದ್ದ ಕೆಲಸವನ್ನೂ ಈ ಕೆನೆಯೊಂದೇ ನಿರ್ವಹಿಸುವುದರಿಂದ ಸಿಹಿಗೆ ಅರ್ಧ ಚಮಚ ಜೇನು ಸಾಕು, ಸೇಬು ಚೆನ್ನಾಗಿದ್ದರೆ ಅದೂ ಅನಾವಶ್ಯಕ.

ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಇದನ್ನು ಬೆಳಗ್ಗೆಯೇ ತಿನ್ನಬೇಕೆಂಬ ಕಟ್ಟಳೆಯಿಲ್ಲ. ಬೆಣ್ಣೆ ಸವರಿದ ಬ್ರೆಡ್ಡಿನೊಡನೆ ರಾತ್ರಿಯ ಲಘುಭೋಜನವಾಗಿಯೂ ತಿನ್ನುತ್ತಾರೆ. ಯಾವ ಹೊತ್ತಿನಲ್ಲಾದರೂ ತುರಿದ ಕಾಲು ಗಂಟೆಯೊಳಗೆ ಮುಗಿಸುವುದು ಉತ್ತಮ. ಕಚೇರಿಗೆ ಒಯ್ಯುವವರು ನೆನೆದ ಓಟ್ಸನ್ನು ಕೆನೆಯೊಡನೆ ಕಲಸಿ ಡಬ್ಬಿಗೆ ಹಾಕಿಕೊಂಡು, ಸೇಬನ್ನು ಇಡಿಯಾಗಿ ಚೀಲದಲ್ಲಿಟ್ಟುಕೊಂಡು ಹೋಗಲಿ. ಅಲ್ಲಿ ಅದನ್ನು ತುರಿಯಲು ಸಂಕೋಚವೆನಿಸಿದರೆ ಚಾಕುವಿನಿಂದ ಸಣ್ಣಗೆ ಹೆಚ್ಚಿಕೊಳ್ಳಬಹುದು.