ವಿಡಿಯೊ ಉಳಿಸಿದ ಪೀರಿಯಡ್ ಯಾರಿಗೆ?

ಎನ್‌ಎಸ್‌ಕ್ಯುಎಫ್ ಯೋಜನೆಯಡಿ ರಾಜ್ಯದ ಆಯ್ದ ಪ್ರೌಢಶಾಲೆಗಳ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ಬದಲು ಆಟೊಮೊಬೈಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಇವುಗಳನ್ನೂ ಅರ್ಧ ಪರದೆಯ ಮೇಲೆ, ಅರ್ಧ ಶಾಲೆಯಲ್ಲಿ ಕಲಿಸಿದರೆ ಫಲಿತಾಂಶ ಏರುತ್ತದೆ ಎಂಬುದು ಬ್ಲೆಂಡೆಡ್ ಲರ್ನಿಂಗ್‌ನ ಪರವಾದ ವಾದ.

ಈ ವಾದಕ್ಕೆ ಒದಗಿಬರುವ ಆಧಾರಗಳಲ್ಲಿ ಒಂದು, ಅಮೆರಿಕದ ಶಿಕ್ಷಣ ಇಲಾಖೆಯ 2010ರ ವರದಿ. ಆನ್‌ಲೈನ್ ಪಾಠವೂ ಮೇಷ್ಟ್ರ ಪಾಠವೂ ಕೂಡಿದ ಕಡೆ ಕಲಿಕೆ ಚೆನ್ನಾಗಿತ್ತು ಎಂದು ಅದು ಹೇಳಿದ್ದು ನಿಜ. ಅಂಥ ತರಗತಿಗಳಲ್ಲಿ ಹೆಚ್ಚು ಸಮಯ, ಹೆಚ್ಚು ಸಾಮಗ್ರಿಯೂ ಇತ್ತು, ಲಾಭವನ್ನು ಪರದೆಯ ಲೆಕ್ಕಕ್ಕೇ ಬರೆಯಬೇಡಿ ಎಂದು ಎಚ್ಚರಿಸಿದ್ದೂ ಅದೇ ವರದಿ. ಶಾಲಾ ಮಕ್ಕಳ ಮೇಲಿನ ಅಧ್ಯಯನಗಳಂತೂ ಅದರಲ್ಲಿ ತೀರಾ ಕಡಿಮೆ.

ನಮ್ಮಲ್ಲಿ 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ಟಿವಿ ವಾಹಿನಿಯ ಪಾಠಗಳು ಬಂದವು, ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಬಂತು. ಮೊಬೈಲೇ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ವಿದ್ಯಾಗಮ ಮಕ್ಕಳನ್ನು ಮೊದಲೇ ವಿಂಗಡಿಸಿತು. ಎಲ್ಲರ ಕೈಯಲ್ಲೂ ಫೋನ್ ಇದೆ ಎಂದುಕೊಂಡು ಹೊರಡದ ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಆ ಸಾಲಿನ ಸಾಧನೆಯನ್ನು ಮಾತ್ರ ಅಂಕಪಟ್ಟಿಯಿಂದ ಅಳೆಯಲಾಗದು. 2021ರ ಜುಲೈ 19 ಮತ್ತು 22ರಂದು ಎರಡೇ ದಿನದ ಬಹುಆಯ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆದು, ಬರೆದವರೆಲ್ಲ ಹೆಚ್ಚುಕಡಿಮೆ ಪಾಸಾದರು.

ಹಾಗೆಂದು ಪರದೆಯ ಪಾಠ ಬೇಡವೆಂದಲ್ಲ. ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಕಡೆ ಮಳೆಗಾಲವೆಂದರೆ ಹೊಗೆಸೊಪ್ಪಿನ ಕಾಲ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಹದ ಮಾಡುವ ಬ್ಯಾರನ್‌ಗೆ ಏರಿಸಿ, ರಾತ್ರಿಯೆಲ್ಲ ಬೆಂಕಿ ಕಾಯುವ ಮನೆಯಲ್ಲಿ ಹೈಸ್ಕೂಲಿನ ಹುಡುಗನಿಗೂ ಕೆಲಸ ಬೀಳುತ್ತದೆ. ತಪ್ಪಿದ ಪಾಠ ಅವನಿಗೆ ಮೊಬೈಲಿನಲ್ಲಿ ಸಿಕ್ಕರೆ ದೊಡ್ಡ ಉಪಕಾರ. ನಾಗರಹೊಳೆ ಅಂಚಿನ ಹಾಡಿಯ ಮಗುವಿಗೆ ಅದೇ ಪಾಠ ಶಾಲೆಯ ಕಂಪ್ಯೂಟರಿನಲ್ಲೇ, ನೆಟ್‌ವರ್ಕ್ ಹಂಗಿಲ್ಲದೆ ಸಿಗಬೇಕು.

ಕೆಲವು ಪಾಠಗಳಿಗೆ ವಿಡಿಯೊವೇ ಲೇಸು. ಫೋರ್ ಸ್ಟ್ರೋಕ್ ಎಂಜಿನ್ ಓಡುವಾಗ ಒಳಗೆ ವಾಲ್ವ್ ತೆರೆದು ಮುಚ್ಚುವುದು ಗ್ಯಾರೇಜಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅನಿಮೇಷನ್ ಅದನ್ನು ನಿಧಾನವಾಗಿ ಬಿಡಿಸಿ ತೋರಿಸುತ್ತದೆ. ಸ್ಪಾರ್ಕ್ ಪ್ಲಗ್ ಕೂರಿಸುವುದು ಬೇರೆಯೇ ಪಾಠ. ಮೊದಲು ಪಾನಾ ಮುಟ್ಟದೆ ಬೆರಳಲ್ಲೇ ತಿರುಗಿಸಬೇಕು. ನೇರ ಕೂತರೆ ಸಲೀಸಾಗಿ ಇಳಿಯುತ್ತದೆ, ಓರೆಯಾದರೆ ಬಿಗಿ ಹಿಡಿಯುತ್ತದೆ. ಆ ಬಿಗಿ ತಿಳಿಯದೆ ಪಾನಾ ಹಾಕಿ ಒತ್ತಿದರೆ ಅಲ್ಯುಮಿನಿಯಂ ಹೆಡ್‌ನ ಥ್ರೆಡ್ಡೇ ಹೋಯಿತು. ಎಷ್ಟು ಸಲ ವಿಡಿಯೊ ನೋಡಿದರೂ ಬೆರಳಿಗೆ ಆ ಬಿಗಿ ತಿಳಿಯುವುದಿಲ್ಲ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಕಾರ್ಪೆಟ್ ನೇಯ್ಗೆಗೂ ಇದೇ ಮಾತು. ಗಂಟು ಎಷ್ಟು ಬಿಗಿಯಿರಬೇಕೆಂಬುದು ಮಗ್ಗದ ಮುಂದೆ ಕೂತವರಿಗೇ ಗೊತ್ತಾಗುವುದು.

ಹೀಗಾಗಿ ನನ್ನ ಪ್ರಶ್ನೆ ಒಂದೇ: ಥಿಯರಿಯನ್ನು ವಿಡಿಯೊಗೆ ಒಪ್ಪಿಸಿದಾಗ ಉಳಿದ ಪೀರಿಯಡ್ ವರ್ಕ್‌ಶಾಪಿಗೆ ಸಿಕ್ಕಿತೇ? ಸಿಕ್ಕಿದ್ದರೆ ಈ ಪದ್ಧತಿ ನಮ್ಮ ಮಕ್ಕಳಿಗೆ ಬೇಕೇ ಬೇಕು. ಉಪಕರಣ ಕೊಳ್ಳದಿರಲು, ಬೋಧಕರ ಹುದ್ದೆ ಖಾಲಿ ಬಿಡಲು ವಿಡಿಯೊ ನೆಪವಾದರೆ ಅದು ಬಡವರ ಮಕ್ಕಳಿಗೆ ಮಾಡುವ ಮೋಸ. ಪರೀಕ್ಷೆಯೂ ಇದಕ್ಕೆ ತಕ್ಕಂತೆ ಇರಲಿ: ಪ್ಲಗ್ ಬಿಚ್ಚಿ, ಒರೆಸಿ, ಗ್ಯಾಪ್ ಸರಿಪಡಿಸಿ, ಮತ್ತೆ ಕೂರಿಸಿ, ಗಾಡಿ ಸ್ಟಾರ್ಟ್ ಮಾಡಿ ತೋರಿಸಿದ ಮಗುವಿಗೆ ಅಂಕ ಕೊಡಲಿ.